ಮಂಜೂರಾದದ್ದು ಒಂದು ಮನೆ, ಎದ್ದದ್ದು ಇನ್ನೊಂದು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಹಿರಿಯರು ಗಾದೆ ಮಾಡಿದ್ದು ಒಂದು ಮನೆಯ ಕಷ್ಟಕ್ಕೆ. ಈಗಿನ ಯಜಮಾನರು ಎರಡೆರಡು ಮನೆ ಕಟ್ಟುತ್ತಿದ್ದಾರೆ. ಒಂದು ಕಾಗದದ ಮೇಲೆ, ಇನ್ನೊಂದು ನೆಲದ ಮೇಲೆ.

ಕಾಗದದ ಮನೆ ಬಲು ಚೆಂದ. ಸುತ್ತ ಗಾಳಿಗೆ ಜಾಗ, ಎರಡೂ ಬದಿಗೆ ಕಿಟಕಿ, ಮುಂದೆ ಗಾಡಿ ನಿಲ್ಲಿಸಲು ಅಂಗಳ. ಕೆಳಗಡೆ ಎಂಜಿನಿಯರ್ ಸಹಿ, ಪಕ್ಕದಲ್ಲಿ ಕಚೇರಿಯ ಮೊಹರು. ನೆಲದ ಮನೆಗೆ ಬಂದು ನೋಡಿದರೆ ಗೋಡೆ ಪಕ್ಕದವರ ಕಾಂಪೌಂಡಿಗೆ ಅಂಟಿಕೊಂಡಿದೆ, ಕಿಟಕಿ ಇರಬೇಕಾದ ಕಡೆ ಬೀರು ನಿಂತಿದೆ, ಅಂಗಳ ಇರಬೇಕಾದ ಕಡೆ ಷಟರ್ ಬಾಗಿಲಿನ ಅಂಗಡಿ. ಮೊದಲನೇ ಮನೆ ಕಡತದಲ್ಲೂ ಸಾಲ ಕೊಟ್ಟ ಬ್ಯಾಂಕಿನ ಬೀರುವಿನಲ್ಲೂ ಸುಖವಾಗಿದೆ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಮಲಗುವುದು ಮಾತ್ರ ಎರಡನೇ ಮನೆಯಲ್ಲಿ.

ದಾವಣಗೆರೆಯಂಥ ಬೆಳೆಯುವ ಊರಿನಲ್ಲಿ ಇದು ಗುಟ್ಟಲ್ಲ. ಯಾವ ಬಡಾವಣೆಗೆ ಹೋದರೂ ತಾರಸಿ ಮೇಲೆ ಕಂಬಿಗಳು ಆಕಾಶಕ್ಕೆ ಚಾಚಿ ನಿಂತಿವೆ. ನಾಳೆ ಮಗನ ಮದುವೆಗೆ ಮೇಲೊಂದು ಮಹಡಿ ಎಬ್ಬಿಸುವ ಆಸೆಯ ಗುರುತು ಅದು. ಆಸೆ ತಪ್ಪಲ್ಲ. ಆ ಮಹಡಿಯ ಭಾರ ಹೊರಲು ಪಾಯ ತಯಾರಿದೆಯೋ ಇಲ್ಲವೋ ಅಂತ ಲೆಕ್ಕ ಹಾಕಿದವರು ಯಾರು? ಪ್ರಶ್ನೆ ಇರುವುದು ಅಲ್ಲಿ.

ಸಹಿಗೆ ದುಡ್ಡು, ನಕ್ಷೆಗಲ್ಲ

ಮನೆ ಕಟ್ಟುವವರು ಎಂಜಿನಿಯರ್ ಹತ್ತಿರ ಹೋಗುವುದು ಯಾವಾಗ? ಸಾಲದ ಅರ್ಜಿಗೆ ನಕ್ಷೆ ಬೇಕು ಅಂತ ಬ್ಯಾಂಕಿನವರು ಹೇಳಿದಾಗ. ಅಲ್ಲಿಗೆ ಹೋಗಿ ಕೇಳುವ ಮೊದಲ ಮಾತು, ‘ಪ್ಲಾನ್ ಪಾಸ್ ಮಾಡಿಸಿ ಕೊಡೋಕೆ ಎಷ್ಟಾಗುತ್ತೆ?’ ಮನೆ ಹೇಗಿರಬೇಕು, ಬಿಸಿಲು ಯಾವ ಕಡೆಯಿಂದ ಬೀಳುತ್ತೆ, ತಾಯಿಗೆ ಮೆಟ್ಟಿಲು ಹತ್ತಲು ಆಗುತ್ತಾ, ಹತ್ತು ವರ್ಷದ ಮೇಲೆ ಮನೆ ಎರಡು ಪಾಲಾದರೆ ಏನು ಗತಿ, ಈ ಯಾವ ಮಾತೂ ಅಲ್ಲಿ ಬರುವುದಿಲ್ಲ. ಕೇಳಿದ್ದು ಮೊಹರು, ಸಿಕ್ಕಿದ್ದೂ ಮೊಹರು.

ಆಮೇಲೆ ನಕ್ಷೆ ಟ್ರಂಕಿಗೆ ಹೋಗುತ್ತೆ, ಮೇಸ್ತ್ರಿ ಸೈಟಿಗೆ ಬರುತ್ತಾನೆ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತಾನೆ. ಆಯ ನೋಡುತ್ತಾನೆ. ‘ಯಜಮಾನ್ರೇ, ಈ ರೂಮು ಅರ್ಧ ಅಡಿ ಒಳಗೆ ತಗಳಾಣ, ಆಯ ಕೂಡಿ ಬರ್ತೈತಿ’ ಅಂತಾನೆ. ಯಜಮಾನರು ‘ಆತು ಬಿಡಪ’ ಅಂತಾರೆ. ಅರ್ಧ ಅಡಿ ಹೋಯಿತು. ಕಂಬ ಸರಿಯಿತು, ತೊಲೆ ಉದ್ದವಾಯಿತು, ಕಬ್ಬಿಣದ ಲೆಕ್ಕ ಮಾತ್ರ ಹಳೆಯದೇ ಉಳಿಯಿತು.

ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಈ ಊರು ಎದ್ದು ನಿಂತಿರುವುದೇ ಅವರ ಕೈಗುಣದಿಂದ. ನೇರ ಗೋಡೆ ಎಬ್ಬಿಸುವುದು, ತೂಕದ ಗುಂಡು ಹಿಡಿಯುವುದು, ಕಲ್ಲಿನ ಗುಣ ತಿಳಿಯುವುದು ಅವರಿಗೆ ಕರಗತ. ಆದರೆ ಮಣ್ಣಿನೊಳಗೆ ಎಷ್ಟು ಭಾರ ಇಳಿಯುತ್ತೆ, ತೊಲೆಯ ಯಾವ ಮಗ್ಗುಲಿಗೆ ಎಷ್ಟು ಕಂಬಿ ಬೇಕು ಅನ್ನುವುದು ಬೇರೆ ವಿದ್ಯೆ. ಹೊಲಿಗೆ ಗೊತ್ತಿದ್ದವರ ಕೈಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿಸುತ್ತಾರೆಯೇ?

ಹಳೆಯವರಿಗೆ ನಕ್ಷೆ ಎಲ್ಲಿತ್ತು ಅಂತ ವಾದ ಮಾಡುವವರಿದ್ದಾರೆ. ಇತ್ತು ಸ್ವಾಮಿ, ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಈ ಸೀಮೆಯ ಮಾಳಿಗೆ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ತೊಲೆ ಎಷ್ಟುದ್ದ ಸಿಗುತ್ತೋ ಅಂಕಣ ಅಷ್ಟಗಲ. ಮಣ್ಣಿನ ದಪ್ಪ ಗೋಡೆ ಬಿಸಿಲು ತಡೆಯುತ್ತಿತ್ತು, ಬೆಳಕಿಂಡಿ ನಡುಮನೆಗೆ ಬೆಳಕು ಕೊಡುತ್ತಿತ್ತು. ತಲೆಮಾರುಗಳಿಂದ ಪರೀಕ್ಷೆಯಾದ ನಕ್ಷೆ ಅದು. ಸಿಮೆಂಟು, ಕಬ್ಬಿಣ, ಮೂರು ಮಹಡಿ ಬಂದ ಮೇಲೆ ಆ ಹಳೆ ಲೆಕ್ಕ ನಡೆಯುವುದಿಲ್ಲ. ಹಳೇ ನಕ್ಷೆ ಕೈಬಿಟ್ಟಾಯಿತು, ಹೊಸ ನಕ್ಷೆ ಕೈಗೆ ಬರಲಿಲ್ಲ. ನಡುವಿನ ಮನೆಗಳಲ್ಲಿ ಜನ ವಾಸವಾಗಿದ್ದಾರೆ.

ತಲೆಯ ಮೇಲೆ ಆರು ಲಾರಿ

ಲೆಕ್ಕಕ್ಕೆ ಒಂದು ಮನೆ ತಗೊಳ್ಳೋಣ. 20×30 ಸೈಟಿನಲ್ಲಿ ಪೂರ್ತಿ ಕಟ್ಟಿದ ಆರು ಚದರದ ಮನೆ. ಸೈಜುಗಲ್ಲಿನ ಪಾಯ, ಒಂಬತ್ತಿಂಚು ಗೋಡೆ, ಮೇಲೆ ಆರ್‌ಸಿಸಿ. ಯಜಮಾನರು ನಿವೃತ್ತಿಯಾದರು, ಕೈಗೆ ದುಡ್ಡು ಬಂತು, ಮೇಲೊಂದು ಮಹಡಿ ಹಾಕಿ ಬಾಡಿಗೆಗೆ ಕೊಡೋಣ ಅಂದುಕೊಂಡರು. ಮೇಸ್ತ್ರಿ, ‘ಏನಾಗಲ್ಲ ಬಿಡ್ರಿ, ಒಂಬತ್ತಿಂಚು ಗೋಡೆ ಐತಿ’ ಅಂದ.

ಈಗ ತೂಕ ನೋಡಿ. ಐದಿಂಚು ದಪ್ಪದ ಕಾಂಕ್ರೀಟು ತಾರಸಿ ಒಂದು ಚದರಕ್ಕೆ ಹೆಚ್ಚು ಕಡಿಮೆ 3 ಟನ್. ಆರು ಚದರಕ್ಕೆ 18 ಟನ್. ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸುಮಾರು 4 ಟನ್. ಸುತ್ತಳತೆ ನೂರಡಿ, ಅಂದರೆ 40 ಟನ್. ಕಿಟಕಿ ಬಾಗಿಲಿನ ಜಾಗ ಕಳೆದರೂ ಒಳಗಿನ ಗೋಡೆ ಸೇರಿಸಿದರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತೆ. ಒಟ್ಟು 60 ಟನ್ ಹತ್ತಿರ. ಹತ್ತು ಟನ್ ಹೇರಿದ ಲಾರಿಗಳ ಆರು ಲೋಡು ತಂದು ಮಲಗುವ ಕೋಣೆಯ ಮೇಲೆ ಸುರಿದ ಹಾಗೆ. ಜನ, ಮಂಚ, ನೀರಿನ ಟ್ಯಾಂಕು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಾವಿರ ಲೀಟರ್ ಟ್ಯಾಂಕಿನ ನೀರೇ ಒಂದು ಟನ್.

ಈ ಭಾರ ಕೊನೆಗೆ ಇಳಿಯುವುದು ಮಣ್ಣಿಗೆ. ಕೆಂಪು ಗಟ್ಟಿ ನೆಲವಾದರೆ ಒಂದು ಮಾತು. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಾದರೆ ಇನ್ನೊಂದು ಮಾತು. ಒಂದು ಮಹಡಿಗೆ ಅಂತ ತೋಡಿದ ಪಾಯ ಎರಡನೆಯದನ್ನು ಹೊರುತ್ತಾ ಅಂತ ಹೇಳಬೇಕಾದರೆ ಪಾಯದ ಪಕ್ಕದಲ್ಲಿ ಗುಂಡಿ ತೆಗೆದು ಆಳ ನೋಡಬೇಕು, ಅಗಲ ನೋಡಬೇಕು, ಮಣ್ಣು ಮುಟ್ಟಿ ನೋಡಬೇಕು. ಒಂದು ದಿನದ ಕೂಲಿ, ಒಬ್ಬ ಎಂಜಿನಿಯರ್ ಭೇಟಿ. ಅಷ್ಟಕ್ಕೆ ಹಿಂದೆ ಮುಂದೆ ನೋಡುವ ಯಜಮಾನರು ಗೃಹಪ್ರವೇಶದ ಊಟಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರೆ.

ತಾರಸಿ ಮೇಲೆ ಬಿಟ್ಟ ಕಂಬಿಯ ಕಥೆಯೂ ಹೀಗೇ. ಹತ್ತು ಹದಿನೈದು ಮಳೆಗಾಲ ನೆನೆದ ಕಂಬಿ ತುಕ್ಕು ಹಿಡಿದು ಸವೆದಿರುತ್ತೆ. ಬಟ್ಟೆ ಒಣಗಿಸಲು, ಕೊಡಪಾನ ನೇತು ಹಾಕಲು ಬಗ್ಗಿಸಿ ಬಗ್ಗಿಸಿ ಬುಡ ಸಡಿಲವಾಗಿರುತ್ತೆ. ಹೊಸ ಕಂಬಿಯನ್ನು ಹಳೆಯದಕ್ಕೆ ಜೋಡಿಸಲು 12 ಮಿ.ಮೀ. ಕಂಬಿಗೆ ಸುಮಾರು ಎರಡಡಿ ಉದ್ದ ಬೇಕು. ಒಂದಡಿ ಬಿಟ್ಟು ಕತ್ತರಿಸಿರುವ ಕಡೆ ಕಂಬ ಕಂಬವಾಗುವುದಿಲ್ಲ, ಕಂಬದ ವೇಷವಾಗುತ್ತೆ.

ಧಾರವಾಡದ ಕುಮಾರೇಶ್ವರ ನಗರವನ್ನು ಯಾರೂ ಮರೆತಿರಲಾರರು. 2019ರ ಮಾರ್ಚ್ 19ರ ಮಧ್ಯಾಹ್ನ ಅಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. ಕೆಳಗೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕೆಲಸ ನಡೆಯುತ್ತಿತ್ತು. 19 ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 9 ಜನ ಸತ್ತರು. ಅವು ದೊಡ್ಡ ಕಟ್ಟಡ, ಮನೆಯ ಮಾತು ಬೇರೆ ಅನ್ನಬಹುದು. ಭಾರಕ್ಕೆ ದೊಡ್ಡದು ಚಿಕ್ಕದು ಗೊತ್ತಿಲ್ಲ. ಹೊರಲಾರದ್ದನ್ನು ಹೊರಿಸಿದರೆ ಎರಡೂ ಒಂದೇ ದಾರಿ ಹಿಡಿಯುತ್ತವೆ.

ಮುಂದೆ ಅಂಗಡಿ, ಒಳಗೆ ಕತ್ತಲೆ

ಮನೆ ಬಿದ್ದರೆ ಸುದ್ದಿ. ಬೀಳದೆ ದಿನಾ ಸ್ವಲ್ಪ ಸ್ವಲ್ಪ ಕೊಲ್ಲುವ ಮನೆಯ ಬಗ್ಗೆ ಸುದ್ದಿಯಿಲ್ಲ.

ರಸ್ತೆ ಅಗಲವಾಯಿತು, ವ್ಯಾಪಾರ ಬಂತು, ಮುಂದಿನ ಪಡಸಾಲೆ ಒಡೆದು ಅಂಗಡಿ ಮಾಡಿದರು. ಪಡಸಾಲೆಯ ಕಿಟಕಿ ಹೋಯಿತು. ಮಗ ದೊಡ್ಡವನಾದ, ಹಿತ್ತಲಲ್ಲಿ ಒಂದು ಕೋಣೆ ಎಳೆದರು. ಅಡುಗೆಮನೆಯ ಕಿಟಕಿ ಆ ಕೋಣೆಯೊಳಕ್ಕೆ ತೆರೆದುಕೊಂಡಿತು. ಪಕ್ಕದವರೂ ಅದನ್ನೇ ಮಾಡಿದರು. ಮಟಮಟ ಮಧ್ಯಾಹ್ನ ನಡುಮನೆಯಲ್ಲಿ ಬಲ್ಬು ಉರಿಯಬೇಕು. ಒಗ್ಗರಣೆಯ ಹೊಗೆ ಮಲಗುವ ಕೋಣೆಯಲ್ಲಿ ಸುತ್ತುತ್ತೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ತಾರಸಿ ಕಾದು ರಾತ್ರಿಯೆಲ್ಲ ಝಳ ಇಳಿಸುತ್ತೆ. ಕೂಸು ನಿದ್ದೆಗೆಟ್ಟು ಅಳುತ್ತೆ. ದೋಷ ಇದೆ ಅಂತ ವಾಸ್ತು ಹೇಳುವವರನ್ನು ಕರೆಸಿ ಬಾಗಿಲು ತಿರುಗಿಸುತ್ತಾರೆ. ದೋಷ ಬಾಗಿಲಲ್ಲಿಲ್ಲ, ಮುಚ್ಚಿಹೋದ ಕಿಟಕಿಯಲ್ಲಿದೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೆ ಸರಳ ಲೆಕ್ಕ ಕೊಟ್ಟಿದೆ. ಒಣ ಸೆಕೆಯ ಸೀಮೆಯಲ್ಲಿ ಗಾಳಿ ಬೆಳಕಿಗೆ ಬಿಡುವ ಜಾಗ ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು. 10×12 ಕೋಣೆಗೆ 12 ಚದರಡಿ, ಅಂದರೆ ನಾಲ್ಕಡಿ ಅಗಲ ಮೂರಡಿ ಎತ್ತರದ ಒಂದು ಕಿಟಕಿ. ಅದು ಆಕಾಶಕ್ಕೆ ತೆರೆಯಬೇಕು, ಇನ್ನೊಂದು ಕೋಣೆಗಲ್ಲ. ಹೊಸ ಕೋಣೆ ಎಳೆಯುವಾಗ ಮೂರಡಿಯ ಸಣ್ಣ ತೆರೆದ ಜಾಗ ನಡುವೆ ಬಿಟ್ಟರೂ ಅಡುಗೆಮನೆ ಬದುಕುತ್ತೆ. ಅದನ್ನು ಗೋಡೆ ಎದ್ದ ಮೇಲೆ ಹೇಳಿ ಏನು ಫಲ? ಅಟ್ಟ ಮೇಲೆ ಒಲೆ ಉರಿದ ಹಾಗೆ.

ಮೆಟ್ಟಿಲನ್ನೂ ನೋಡಿ. ಅದೇ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರಬಾರದು, ಹೆಜ್ಜೆ ಇಡುವ ಅಗಲ 250 ಮಿ.ಮೀ. ಆದರೂ ಬೇಕು. ಅಂದರೆ ಏಳೂವರೆ ಇಂಚು, ಹತ್ತಿಂಚು. ಹತ್ತಡಿ ಮೇಲೇರಲು 16 ಏರು, 15 ಹೆಜ್ಜೆ, ಹನ್ನೆರಡೂವರೆ ಅಡಿ ಉದ್ದದ ಜಾಗ. ಮೊದಲೇ ಯೋಚಿಸದೆ ಕೊನೆಗೆ ಉಳಿದ ಎಂಟಡಿಯಲ್ಲಿ ತುರುಕಿದ ಮೆಟ್ಟಿಲು ಏಣಿಯಾಗುತ್ತೆ. ಆ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯ ಆಸ್ಪತ್ರೆ ಬಿಲ್ಲಿನ ಮುಂದೆ ನಕ್ಷೆಯ ಖರ್ಚು ಯಾವ ಲೆಕ್ಕ?

ಬೋರ್ಡಿನ ಮೇಲಿನ ಹೆಸರು

ಯಾರ ಹತ್ತಿರ ಹೋಗಬೇಕು ಅನ್ನುವುದರಲ್ಲೂ ಜನರಿಗೆ ಗೊಂದಲ. ವಾಸ್ತುಶಿಲ್ಪಿ ಬೇರೆ, ವಾಸ್ತು ಹೇಳುವವರು ಬೇರೆ. ಹೆಸರು ಹತ್ತಿರ ಹತ್ತಿರ ಇದ್ದ ಮಾತ್ರಕ್ಕೆ ವಿದ್ಯೆ ಒಂದಾಗುವುದಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯಿದೆ ಪ್ರಕಾರ ಆ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ‘ಆರ್ಕಿಟೆಕ್ಟ್’ ಅಂತ ಬೋರ್ಡು ಹಾಕಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸ್ಪಷ್ಟ ಮಾಡಿತು. ಕಾಯಿದೆ ಕಾಯುವುದು ಆ ಹೆಸರನ್ನು, ಆ ಕೆಲಸವನ್ನಲ್ಲ. ಕಟ್ಟಡದ ವಿನ್ಯಾಸ ಮಾಡುವುದನ್ನು ಉಳಿದವರಿಗೆ ಆ ಕಾಯಿದೆ ನಿಷೇಧಿಸುವುದಿಲ್ಲ. ಹಾಗಾಗಿ ಹೆಸರಿನ ಹಿಂದೆ ಏನಿದೆ ಅಂತ ವಿಚಾರಿಸುವ ಹೊಣೆ ಯಜಮಾನರ ತಲೆಗೇ ಬಿತ್ತು.

ಸಾಮಾನ್ಯ ಮನೆಗೆ ಎರಡು ವಿದ್ಯೆ ಬೇಕು. ಜಾಗ ಹೇಗೆ ಹಂಚಬೇಕು, ಗಾಳಿ ಬೆಳಕು ಹೇಗೆ ತರಬೇಕು ಅನ್ನುವುದು ಒಂದು. ಭಾರ ಹೇಗೆ ಇಳಿಸಬೇಕು ಅನ್ನುವುದು ಇನ್ನೊಂದು. ಒಬ್ಬರೇ ಎರಡನ್ನೂ ನೋಡಿಕೊಂಡರೂ ಸರಿ, ಇಬ್ಬರು ಹಂಚಿಕೊಂಡರೂ ಸರಿ. ಎರಡರಲ್ಲಿ ಒಂದೂ ಇಲ್ಲದೆ ಬರೀ ಗೆರೆ ಎಳೆದು ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಗೆರೆ ಒಬ್ಬರದು, ಸಹಿ ಇನ್ನೊಬ್ಬರದು, ಸಹಿ ಹಾಕಿದವರು ಸೈಟಿನ ದಾರಿಯನ್ನೂ ನೋಡಿಲ್ಲ ಅನ್ನುವ ದೂರು ಹಳೆಯದು.

ಆ ಸಹಿಯ ಬೆಲೆ ಈಗ ಏರುತ್ತಿದೆ ಅನ್ನುವುದನ್ನು ಸಹಿ ಹಾಕುವವರು ಮರೆಯಬಾರದು. ಬೆಂಗಳೂರಿನಲ್ಲಿ 2024ರಲ್ಲಿ ‘ನಂಬಿಕೆ ನಕ್ಷೆ’ ಅನ್ನುವ ಯೋಜನೆ ಬಂತು. ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮಾತು ನಂಬಿ ತಾತ್ಕಾಲಿಕ ಮಂಜೂರಾತಿ ಕೊಡುವುದು, ಪರಿಶೀಲನೆ ಆಮೇಲೆ ಮಾಡುವುದು ಅದರ ಕ್ರಮ. ಒಳ್ಳೆಯದೇ, ಜನ ಕಚೇರಿಗೆ ಅಲೆಯುವುದು ತಪ್ಪುತ್ತೆ. ಆದರೆ ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ಸುಳ್ಳು ಸಹಿಯೂ ಅಷ್ಟೇ ವೇಗವಾಗಿ ನಡೆಯುತ್ತೆ.

ನಿಯಮಕ್ಕೂ ಕಿವಿ ಹಿಂಡಬೇಕು

ಜನರದೇ ಪೂರ್ತಿ ತಪ್ಪು ಅನ್ನುವುದು ಅನ್ಯಾಯ. ಇಪ್ಪತ್ತಡಿ ಅಗಲದ ಸೈಟಿನಲ್ಲಿ ಎರಡೂ ಬದಿಗೆ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಹದಿನಾಲ್ಕು. ಎರಡು ಒಂಬತ್ತಿಂಚು ಗೋಡೆ ಕಳೆದರೆ ಹನ್ನೆರಡೂವರೆ. ಅಷ್ಟರಲ್ಲಿ ಐದಾರು ಜನರ ಸಂಸಾರ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು, ಚೀಟಿ ಹಾಕಿ, ತಾಳಿ ಅಡವಿಟ್ಟು ಸೈಟು ಮಾಡಿಕೊಂಡವರಿಗೆ ಒಂದೊಂದು ಅಡಿಯೂ ಚಿನ್ನ. ಹೀಗೂ ಕಟ್ಟಬಹುದು ಅಂತ ತೋರಿಸುವವರಿಲ್ಲದೆ ಹೀಗೇ ಬಿಡಬೇಕು ಅಂತ ಮಾತ್ರ ಹೇಳಿದರೆ, ಜನ ಕಾಗದದ ಮೇಲೆ ಬಿಡುತ್ತಾರೆ, ನೆಲದ ಮೇಲೆ ಕಟ್ಟುತ್ತಾರೆ.

ಅದರ ಬಿಸಿ ಈಗ ತಟ್ಟಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಕಟ್ಟಡ ಮುಗಿದ ಪತ್ರ ಅಥವಾ ಸ್ವಾಧೀನಾನುಭವ ಪತ್ರ ತೋರಿಸಿದ ಮೇಲೆಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕು. ಮಂಜೂರಾದ ನಕ್ಷೆಯನ್ನು ಕೆಲಸದ ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ಹಾಕಬೇಕು. 2025ರಲ್ಲಿ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಮೀಟರ್ ಇಲ್ಲದೆ ಕುಳಿತವು. ಗೃಹಪ್ರವೇಶ ಆಗಿದೆ, ಕರೆಂಟು ಬಂದಿಲ್ಲ. ಗಲಾಟೆ ಹೆಚ್ಚಾದ ಮೇಲೆ ಸರ್ಕಾರ ಚಿಕ್ಕ ಸೈಟಿನ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಡಲು ಮುಂದಾಯಿತು. ವಿನಾಯಿತಿ ಸಿಕ್ಕಿದ್ದು ಪತ್ರದಿಂದ, ಭಾರದ ಲೆಕ್ಕದಿಂದಲ್ಲ. ಮೀಟರ್ ಬಂದ ಮಾತ್ರಕ್ಕೆ ಪಾಯ ಗಟ್ಟಿಯಾಗುವುದಿಲ್ಲ.

ನಕ್ಷೆ ಅಂದರೆ ಶ್ರೀಮಂತರ ಶೋಕಿ ಅನ್ನುವ ಭಾವನೆಯೂ ಹೋಗಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಬಡವರ ಮನೆಗಳಿಗೇ ಹೆಸರಾದವರು. ಇಟ್ಟಿಗೆಗಳನ್ನು ಚಪ್ಪಟೆ ಇಡದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನು ಅವರು ಬಳಕೆಗೆ ತಂದರು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತೆ, ಟೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಗುಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡಬೇಕಿಲ್ಲದ ಇಟ್ಟಿಗೆಯ ಮೇಲೆ ಕೆಲಸ ಮಾಡಿತು. ಖರ್ಚು ಏರಿಸುವುದು ವಿನ್ಯಾಸವಲ್ಲ. ಕಟ್ಟಿ ಒಡೆಯುವುದು, ಒಡೆದು ಕಟ್ಟುವುದು ಏರಿಸುತ್ತೆ.

ಆಗಬೇಕಾದ್ದು ಇಷ್ಟು

ಪಾಲಿಕೆ ಮತ್ತು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಸೇರಿ 20×30, 30×40 ಸೈಟುಗಳಿಗೆ ಹತ್ತಾರು ಮಾದರಿ ನಕ್ಷೆ ಮಾಡಿಸಲಿ. ಗೋಡೆಯ ಗೆರೆ ಮಾತ್ರ ಸಾಲದು. ಪಾಯದ ಅಳತೆ, ಕಂಬಿಯ ಲೆಕ್ಕ, ಮುಂದೆ ಮಹಡಿ ಹಾಕಿದರೆ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದೂ ಕನ್ನಡದಲ್ಲಿ ಇರಲಿ. ಮೇಸ್ತ್ರಿ ಓದುವಂತಿರಲಿ. ವಾರ್ಡಿನ ಕಚೇರಿಯಲ್ಲಿ ಕೈಗೆಟುಕುವ ಬೆಲೆಗೆ ಸಿಗಲಿ. ಜಿಲ್ಲೆಗೊಂದು ನಿರ್ಮಿತಿ ಕೇಂದ್ರ ಇದೆ. ಊರಿನಲ್ಲಿ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ, 1979ರಿಂದ ಬಾಪೂಜಿ ಕಾಲೇಜಿದೆ. ಓದುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಹೊಸ ಮನೆಗೊಂದು, ಮೇಲಿನ ಮಹಡಿಗೊಂದು, ಮನೆ ಅಂಗಡಿಯಾಗುವುದಕ್ಕೊಂದು, ಹೀಗೆ ಅರ್ಜಿಯೇ ಬೇರೆ ಬೇರೆ ಇರಲಿ. ಮಹಡಿ ಎಬ್ಬಿಸುವ ಅರ್ಜಿಗೆ ಪಾಯ ನೋಡಿದ ಎಂಜಿನಿಯರ್ ವರದಿ ಇಲ್ಲದೆ ಮಂಜೂರಾತಿ ಬೇಡ. ಗೋಡೆ ಒಡೆದು ಷಟರ್ ಇಡುವವರು ಆ ಗೋಡೆ ಏನನ್ನು ಹೊತ್ತಿತ್ತು ಅಂತ ತೋರಿಸಲಿ.

ಎಂಜಿನಿಯರುಗಳ ಪಾಲು ಇನ್ನೂ ಸರಳ. ಸಹಿ ಹಾಕಿದ ಮನೆಗೆ ಮೂರು ಸಲ ಹೋಗಲಿ. ಪಾಯ ತೋಡಿದ ದಿನ ಒಮ್ಮೆ, ಕಾಂಕ್ರೀಟು ಸುರಿಯುವ ಮುಂಚೆ ಕಂಬಿ ನೋಡಲು ಒಮ್ಮೆ, ಕೆಲಸ ಮುಗಿದಾಗ ಒಮ್ಮೆ. ಹೋಗಲಾಗದವರು ಸಹಿ ಹಾಕದಿದ್ದರೆ ಅದೂ ಒಂದು ಸೇವೆಯೇ.

ಇನ್ನು ಯಜಮಾನರು. ಜೀವಮಾನದ ಗಳಿಕೆಯನ್ನು ಇಟ್ಟಿಗೆಗೆ ಸುರಿಯುವ ಮೊದಲು ಒಂದು ತಿಂಗಳು ಕಾಗದದ ಮೇಲೆ ಜಗಳ ಆಡಲಿ. ಹೆಂಡತಿಯನ್ನು ಕೂರಿಸಿಕೊಂಡು ಅಡುಗೆಮನೆ ಎಲ್ಲಿ ಅಂತ ಕೇಳಲಿ, ದಿನದ ಅರ್ಧ ಹೊತ್ತು ಅಲ್ಲಿ ನಿಲ್ಲುವವರು ಅವರು. ‘ನಾಳೆ ಮಹಡಿ ಹಾಕ್ತೀವಿ’ ಅನ್ನುವುದನ್ನು ಇವತ್ತೇ ಎಂಜಿನಿಯರ್ ಕಿವಿಗೆ ಹಾಕಲಿ. ಕಾಗದದ ಮೇಲಿನ ಗೋಡೆ ಒಂದು ರಬ್ಬರಿನಲ್ಲಿ ಅಳಿಸುತ್ತೆ. ನೆಲದ ಮೇಲಿನ ಗೋಡೆ ಅಳಿಸಲು ಸುತ್ತಿಗೆ ಬೇಕು, ಇಲ್ಲ ಕೋರ್ಟು ಬೇಕು.

ಈ ಮಳೆಗಾಲ ಮುಗಿದ ಕೂಡಲೇ ಊರ ತುಂಬ ಮತ್ತೆ ಜೆಲ್ಲಿ, ಮರಳು ಬೀಳುತ್ತೆ. ಮತ್ತೆ ಸುಣ್ಣದ ಗೆರೆ ಎಳೆಯುತ್ತಾರೆ. ಅಷ್ಟರೊಳಗೆ ಒಂದೇ ಒಂದು ಮಾದರಿ ನಕ್ಷೆಯಾದರೂ ವಾರ್ಡಿನ ಕಚೇರಿಯ ಗೋಡೆಯ ಮೇಲೆ ಬಂದೀತೆ? ಸಂಬಂಧಪಟ್ಟವರು ಗಮನಿಸುತ್ತಾರೆ ಅಂತ ಬರೆಯುವುದು ವಾಡಿಕೆ. ಈ ವಿಷಯದಲ್ಲಿ ಸಂಬಂಧಪಡದವರು ಯಾರೂ ಇಲ್ಲ. ಎಲ್ಲರೂ ಒಂದಲ್ಲ ಒಂದು ತಾರಸಿಯ ಕೆಳಗೇ ಮಲಗುವವರು.